ಸೂಸನ್ ಹ್ಯಾರೋ ಹಡಗಿನ ಡಾಕ್ಟರ್

ಗ್ಲೌನ್‌ತಾನ್, ಕಾರ್ಕ್
19 ಅಕ್ಟೋಬರ್ 2025

ಮಧು,

ಈ ಒಂದು ಮಾತನ್ನು ಬಿಟ್ಟೇ ಪತ್ರ ಮುಗಿಸುವವಳಿದ್ದೆ: ನೀನು ಶಿಪ್ಪಿನಲ್ಲಿದ್ದೀ ಎಂದು ಹೇಳುವುದು ನನಗೆ ಈಗ ಕಷ್ಟವಾಗುತ್ತಿಲ್ಲ. ಮೊದಮೊದಲು ಹೇಳುವ ಮುಂಚೆ ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡುತ್ತಿದ್ದೆ. ಈಗ ಹಾಲು ಮುಗಿದಿದೆ ಎನ್ನುವಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಇದನ್ನು ನಿನಗೆ ಯಾಕೆ ತಿಳಿಸಬೇಕು ಎಂದು ಕೇಳಿಕೊಂಡೆ. ಆದರೂ ತಿಳಿಸಿದ್ದೇನೆ.

ನೀಲಾಳ ಕ್ಲಾಸಿಗೆ ಈ ವರ್ಷ ಒಂದು ದೊಡ್ಡ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಇನ್ನೂರು ವರ್ಷದ ಹಿಂದೆ ಇದೇ ಕಾರ್ಕ್ ಬಂದರಿನಿಂದ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿದ್ದ ಹಡಗುಗಳ ಬಗ್ಗೆ. ಒಂದೊಂದು ಗುಂಪಿಗೆ ಒಂದೊಂದು ಹಡಗು. ನೀಲಾಳ ಗುಂಪಿಗೆ ಬಂದದ್ದು ಸೂಸನ್ ಹ್ಯಾರೋ. ಹಡಗು ನಡೆಸುವುದು ಕ್ಯಾಪ್ಟನ್ ಆದರೂ ಕೈದಿಗಳ ಹೊಣೆಯೆಲ್ಲ ಹಡಗಿನ ಡಾಕ್ಟರನದಾಗಿರುತ್ತಿತ್ತು ಎಂದು ಟೀಚರ್ ಮಿಸ್ ಟೂಮಿ ಹೇಳಿದರಂತೆ. ನೀಲಾ ಕೈ ಎತ್ತಿ, ನನ್ನ ಅಪ್ಪನೂ ಶಿಪ್ ಡಾಕ್ಟರ್ ಎಂದಳಂತೆ.

ಮರುದಿನ ಶಾಲೆಯ ಗೇಟಿನಲ್ಲಿ ಮಿಸ್ ಟೂಮಿ ನನ್ನನ್ನು ತಡೆದು ನಿಲ್ಲಿಸಿದರು. ಯಾವ ಶಿಪ್ಪು, ಯಾವ ದಾರಿ, ಬಿರುಗಾಳಿಯಲ್ಲಿ ಆಪರೇಷನ್ ಮಾಡಿದ್ದಾರಾ, ಮಕ್ಕಳ ಹತ್ತಿರ ಮಾತಾಡುತ್ತಾರಾ. ನಾನು ನಗುತ್ತಾ ನಿಂತಿದ್ದೆ.

ಕೋರ್ಟು ಮೂರು ವರ್ಷ ಎಂದ ವಾರ, ಜೈಲು ಎನ್ನುವ ಬದಲು ಶಿಪ್ಪು ಎನ್ನೋಣ ಎಂದು ನೀನು ಹೇಳಿದೆ, ನಾನು ಒಪ್ಪಿದೆ. ಆಗ ನಮ್ಮ ಕಣ್ಣ ಮುಂದೆ ಇದ್ದದ್ದು ಕುಂದಾಪುರ. ಅಲ್ಲಿ ಮನೆಗೊಬ್ಬ ಶಿಪ್ಪಿನಲ್ಲಿರುತ್ತಾನೆ. ಶಿಪ್ಪಿನಲ್ಲಿದ್ದಾನೆ ಎಂದರೆ ಮದುವೆಗೆ ಬರದ್ದಕ್ಕೂ ತಿಥಿಗೆ ಬರದ್ದಕ್ಕೂ ಒಂದೇ ಕಾರಣ ಸಾಕು. ಮುಂದಿನ ಪ್ರಶ್ನೆ ಇಲ್ಲ. ಇಲ್ಲಿ ಹಾಗಲ್ಲ. ಈ ಊರಿನ ಟೀಚರಿಗೆ ಶಿಪ್ ಡಾಕ್ಟರ್ ಎಂದರೆ ಸರ್ಕಸ್ಸಿನವನಷ್ಟು ಅಪರೂಪ. ಅಲ್ಲಿ ಬಾಯಿ ಮುಚ್ಚಿಸುವ ಉತ್ತರ ಇಲ್ಲಿ ಬಾಯಿ ತೆರೆಸುತ್ತದೆ. ಇದು ನಮಗೆ ಹೊಳೆಯಬೇಕಿತ್ತು.

ನಿನ್ನೆ ಜುಲಿಯಾನಾ ನಮ್ಮನ್ನು ಕೋವ್ ಬಂದರಿಗೆ ಕರೆದೊಯ್ದಿದ್ದಳು. ಔಷಧಿ ಪ್ಲಾಂಟಿನಲ್ಲಿ ನನ್ನ ಪಕ್ಕದ ಲ್ಯಾಬಿನವಳು, ಮಂಗಳೂರಿನವಳು. ಈ ಊರಿನಲ್ಲಿ ನಿಜ ಗೊತ್ತಿರುವುದು ಅವಳೊಬ್ಬಳಿಗೇ. ದಡದಲ್ಲಿ ಒಂದು ಕ್ರೂಸ್ ಶಿಪ್ ನಿಂತಿತ್ತು, ಬೀದಿಯ ಮನೆಗಳಿಗಿಂತ ಎತ್ತರ.

"ಅಮ್ಮಾ, ಈಸ್ ದಟ್ ಅಪ್ಪಾಸ್?"

"ಅಲ್ಲ ಪುಟ್ಟಾ."

"ಆರ್ ಯೂ ಶೂರ್?"

ಶೂರ್ ಎಂದೆ. ಅವಳು ಐಸ್‌ಕ್ರೀಮಿನ ಸಾಲಿಗೆ ಹೋದ ಮೇಲೆ ಜುಲಿಯಾನಾ, "ನಾಳೆ ಶಿಪ್ಪಿನ ಹೆಸರು ಕೇಳಿದ್ರೆ ಏನ್ ಹೇಳ್ತೀ? ಟೈಟಾನಿಕ್ ಅಂತಾನಾ? ಅದೂ ಇಲ್ಲಿಂದ್ಲೇ ಹೋದದ್ದು ಮಾರಾಯ್ತಿ" ಎಂದಳು. ನನಗೆ ನಗು ಬಂತು. ಅದನ್ನೂ ಬರೆಯದಿದ್ದರಾಗುತ್ತಿತ್ತು.

ನೀಲಾಳ ಪ್ರಶ್ನೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಕಂಪನಿಯ ಆಫೀಸಿನವರು ನಿನಗೆ ತಲುಪಿಸುತ್ತಾರೆ ಎಂದು ನಂಬಿದ್ದಾಳೆ. ನಿನಗೆ ಅಲ್ಲಿ ಸಿಗುವ ಫೋನಿನ ಆರು ನಿಮಿಷ ಅವಳದೇ ಆಗಿರಲಿ. ಇಂಥವನ್ನೆಲ್ಲ ಕಾಗದದಲ್ಲೇ ಬರೆ.

ಭೇಟಿಗೆ ಬರಲು ಇನ್ನೂ ಆಗುತ್ತಿಲ್ಲ. ಕಾರಣ ಬಸ್ಸಲ್ಲ.

ವಿನೋದಿನಿ

*

4 ನವೆಂಬರ್ 2025

ವಿನು,

ಕಾಗದ ತೆರೆದು ನೋಡಿದ ಆಫೀಸರ್, "ಏನಂತೆ ಡಾಕ್?" ಎಂದ. ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಮನೆಯಲ್ಲಿ ಬಾಯ್ಲರ್ ಕೆಟ್ಟಿದೆಯಂತೆ ಎಂದೆ. "ಪಾಪ, ಈ ಚಳಿಯಲ್ಲಿ" ಎಂದು ಮರುಕಪಟ್ಟ. ಎರಡು ದಿನ ಬಿಟ್ಟು ತೋಟದಲ್ಲಿ ಸಿಕ್ಕವನು, ಬಾಯ್ಲರ್ ರಿಪೇರಿಯಾಯಿತಾ ಎಂದು ಕೇಳಿದ. ಆಯಿತು ಎಂದೆ. ನೋಡು, ನನಗೂ ಸಲೀಸಾಗಿಯೇ ಬರುತ್ತದೆ.

ನೀಲಾಳಿಗೆ ಉತ್ತರ ಬರೆಯಲು ಕುಳಿತಾಗ ಕಾಗದ ಸಾಲದೆ ಪಕ್ಕದವನಿಂದ ತಂದೆ. ಇಲ್ಲಿನ ಲೈಬ್ರರಿಯಲ್ಲಿ ಕೈದಿ ಹಡಗುಗಳ ಬಗ್ಗೆ ಪುಸ್ತಕಗಳಿವೆ. ಯಾರು ತಂದಿಟ್ಟರೋ, ಹಾಸ್ಯವೋ ಏನೋ. ಆ ಡಾಕ್ಟರು ಎಂಥ ಕೆಲಸ ಮಾಡುತ್ತಿದ್ದ ಗೊತ್ತಾ? ಬೆಳಗಾಗುವ ಹೊತ್ತಿಗೆ ಹಾಸಿಗೆಗಳನ್ನೆಲ್ಲ ಮೇಲೆ ತರಿಸಿ ಗಾಳಿಗೆ ಹಾಕಿಸುವುದು, ಕೆಳಗಿನ ನೆಲವನ್ನು ವಿನಿಗರ್ ಹಾಕಿ ತಿಕ್ಕಿಸುವುದು, ನಿಂಬೆರಸ ತನ್ನ ಕಣ್ಣೆದುರೇ ಕುಡಿಸುವುದು, ಸರದಿಯ ಪ್ರಕಾರ ಎಲ್ಲರನ್ನೂ ಬಿಸಿಲಿಗೆ ಕರೆಸುವುದು, ಓದು ಬಾರದವರಿಗೆ ಅಕ್ಷರ ಕಲಿಸುವುದು. ಔಷಧಿಗಿಂತ ವ್ಯವಸ್ಥೆ ಹೆಚ್ಚು. ನಮ್ಮ ವಾರ್ಡುಗಳೂ ಹಾಗೇ ಇದ್ದದ್ದು.

ಸಮುದ್ರದ ಓಕರಿಕೆಗೆ ಏನು ಮಾಡುತ್ತೀ ಅಪ್ಪಾ ಎಂದು ಕೇಳಿದ್ದಾಳೆ. ದಿಗಂತ ನೋಡು ಎಂದು ಹೇಳುತ್ತೇನೆ, ಶುಂಠಿ ಕೊಡುತ್ತೇನೆ ಎಂದು ಬರೆದೆ. ವೈದ್ಯಕೀಯವಾಗಿ ಎರಡೂ ಸರಿ.

ಬರೆಯುತ್ತಾ ಕೂತಾಗ ಯಾರೋ ಹೆಸರು ಕೂಗಿದ್ದು ಗೊತ್ತೇ ಆಗಲಿಲ್ಲ. ಕಳೆದ ವರ್ಷದಿಂದ ಇಲ್ಲಿ ಲೀಕ್ಸ್ ತರಕಾರಿ ಬೆಳೆಯುತ್ತಿದ್ದೇನೆ. ಆ ಹೊತ್ತು ಡಾಕ್ಟರಾಗಿದ್ದೆ. ಇದು ತಪ್ಪಾ?

ಕಾರಣ ಬಸ್ಸಲ್ಲ ಎಂದಿದ್ದೀ. ನಾನು ಕೇಳುವುದಿಲ್ಲ. ಆಗಸ್ಟಿನ ಭೇಟಿಯಲ್ಲಿ ನಾನು ಆಡಿದ ಮಾತು ನನಗೆ ನೆನಪಿದೆ.

ಮಧು

*

ಗ್ಲೌನ್‌ತಾನ್
23 ನವೆಂಬರ್ 2025

ಮಧು,

ನಿನ್ನ ಕಾಗದವನ್ನು ಮಿಸ್ ಟೂಮಿ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಶುಂಠಿಯ ಮಾತು ಎಲ್ಲರಿಗೂ ಇಷ್ಟವಾಗಿದೆ. ಒಬ್ಬ ಹುಡುಗ ಬಸ್ಸಿನಲ್ಲಿ ವಾಂತಿ ಮಾಡುವವನು, ಈಗ ಜೇಬಿನಲ್ಲಿ ಶುಂಠಿ ಬಿಸ್ಕತ್ತು ಇಟ್ಟುಕೊಂಡು ಬರುತ್ತಾನಂತೆ. ನೀಲಾ ಊಟದ ಮೇಜಿನಲ್ಲಿ ಇದನ್ನು ಎರಡು ಸಲ ಹೇಳಿದಳು.

ಅವಳ ಗುಂಪು ಹಡಗಿನ ಆಯುಷ್ಯವನ್ನೆಲ್ಲ ಒಂದು ಉದ್ದನೆಯ ಚಾರ್ಟಿನಲ್ಲಿ ಬರೆದಿದೆ. ವಿಟ್‌ಬಿ ಬಂದರಿನಲ್ಲಿ ಓಕ್ ಮರದಿಂದ ಕಟ್ಟಿದ್ದು. ಮಾಲೀಕನ ಮಗಳ ಹೆಸರು. ಮೊದಲು ಕ್ವೆಬೆಕ್‌ನಿಂದ ಮರದ ದಿಮ್ಮಿ ತಂದಿತು, ಆಮೇಲೆ ಜಮೈಕಾದ ಸಕ್ಕರೆ. ನಡುವೆ ಸರ್ಕಾರ ಬಾಡಿಗೆಗೆ ಪಡೆದು ಒಮ್ಮೆ ಗಂಡಸರನ್ನು, ಒಮ್ಮೆ ಹೆಂಗಸರನ್ನು ಇಲ್ಲಿಂದ ಸಿಡ್ನಿಗೆ ಕಳಿಸಿತು. ವಾಪಸು ಬರುವಾಗ ಒಮ್ಮೆ ಮದರಾಸಿಗೆ ಹೋಗಿ ಅಕ್ಕಿ ತುಂಬಿಕೊಂಡಿತು. ಮದರಾಸಿಗೆ ನೀಲಾ ಕೆಂಪು ಬಣ್ಣ ಹಚ್ಚಿದ್ದಾಳೆ, "ನಮ್ಮ ಕಡೆ" ಎಂದು. ಕುಂದಾಪುರಕ್ಕೂ ಮದರಾಸಿಗೂ ಇರುವ ದೂರ ಹೇಳಿದೆ, ಪರವಾಗಿಲ್ಲ ಎಂದಳು. ಕೊನೆಗೆ ಕಲ್ಲಿದ್ದಲು ಸಾಗಿಸುವಷ್ಟು ಹಳತಾಗಿ, ಪಟಸ್ತಂಭ ಕಡಿಸಿಕೊಂಡು, ಯಾವುದೋ ಬಂದರಿನಲ್ಲಿ ತೇಲುವ ಗೋದಾಮಾಗಿ ಮುಗಿಯಿತು.

ಕುಂದಾಪುರದಿಂದ ಅತ್ತೆ ಫೋನ್ ಮಾಡಿದ್ದರು. "ಮಧು ಬಪ್ಪತಿಗೆ ಒಂದ್ ಒಳ್ಳೆ ಸೆಂಟಿನ ಬಾಟ್ಲಿ ತಕಂಡ್ ಬಾ ಅಂದೆ ಅಂತ ಹೇಳ್. ಆಚೆಮನೆ ನಂದೀಶ ಶಿಪ್ಪಿಂದ ಪ್ರತಿ ಸಲ ತತ್ತ" ಎಂದರು. ಹೇಳುತ್ತೇನೆ ಎಂದೆ. ಹೇಳಿದ್ದೇನೆ.

ನೀನು ಕೇಳಿದ್ದಕ್ಕೆ: ತಪ್ಪಾ ಎಂದು ನನಗೆ ಗೊತ್ತಿಲ್ಲ. ಅವಳು ನಿನ್ನ ಕಾಗದವನ್ನು ದಿಂಬಿನ ಕೆಳಗಲ್ಲ, ಶಾಲೆಯ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾಳೆ. ಅದು ನಿನ್ನ ಕಾಗದ ಎನ್ನುವುದಕ್ಕಿಂತ ಒಂದು ಸಾಕ್ಷಿ ಎನ್ನುವ ಹಾಗೆ. ನಾನು ಹೆಚ್ಚು ಅರ್ಥ ಹುಡುಕುತ್ತಿರಲೂಬಹುದು.

ವಿನೋದಿನಿ

*

22 ಡಿಸೆಂಬರ್ 2025

ವಿನು,

ಚಾರ್ಟಿನ ಬಗ್ಗೆ ನೀನು ಬರೆದದ್ದನ್ನು ತುಂಬ ಸಲ ಓದಿದೆ.

ಮೂವತ್ತು ವರ್ಷಕ್ಕೂ ಮೇಲೆ ಆ ಹಡಗು ಮರ ಹೊತ್ತಿತು, ಸಕ್ಕರೆ ಹೊತ್ತಿತು, ಅಕ್ಕಿ, ಕಲ್ಲಿದ್ದಲು. ಕೈದಿಗಳನ್ನು ಹೊತ್ತದ್ದು ಎರಡೇ ಎರಡು ಸಲ. ಆದರೂ ನಾನು ತೆರೆದ ಪ್ರತಿ ಪುಸ್ತಕದಲ್ಲೂ ಅದರ ಹೆಸರಿನ ಮುಂದೆ ಇರುವುದು ಕೈದಿ ಹಡಗು ಎಂದೇ. ಸಕ್ಕರೆ ಹಡಗು ಎಂದು ಯಾರೂ ಬರೆದಿಲ್ಲ. ಎರಡು ಪ್ರಯಾಣ ಉಳಿದೆಲ್ಲ ಪ್ರಯಾಣಗಳನ್ನು ನುಂಗಿ ಹಾಕಿತು.

ಇಪ್ಪತ್ತೆರಡು ವರ್ಷ ಡಾಕ್ಟರಾಗಿದ್ದೆ. ಒಂದು ಬೆಳಗ್ಗೆ, ರಾತ್ರಿ ಡ್ಯೂಟಿ ಮುಗಿಸಿ, ಮನೆ ಇಲ್ಲೇ ಇದೆಯಲ್ಲ ಎಂದು ಸ್ಟಿಯರಿಂಗ್ ಹಿಡಿದೆ. ಒಂದೇ ಬೆಳಗ್ಗೆ.

ನೀಲಾಳಿಗೆ ಹೇಳು, ಚಾರ್ಟಿನಲ್ಲಿ ಸಕ್ಕರೆಯ ವರ್ಷಗಳನ್ನೂ ಅಷ್ಟೇ ದೊಡ್ಡದಾಗಿ ಬರೆಯಲಿ.

ಮಧು

*

ಗ್ಲೌನ್‌ತಾನ್
18 ಜನವರಿ 2026

ಮಧು,

ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಲಿಟಲ್ ಐಲ್ಯಾಂಡಿನ ಪ್ಲಾಂಟಿಗೆ ಹೋಗಿ ಬರುತ್ತಿದ್ದೆ. ಉತ್ತರ ಬರೆಯದೆ ಇದ್ದದ್ದು ಕೆಲಸದಿಂದಲ್ಲ.

ಸಕ್ಕರೆಯ ವರ್ಷಗಳನ್ನು ದೊಡ್ಡದಾಗಿ ಬರೆ ಎಂದು ಅವಳಿಗೆ ಹೇಳಿದೆ. ಆ ಸಕ್ಕರೆಯ ಕಬ್ಬನ್ನು ಬೆಳೆಸಿದ್ದು ಗುಲಾಮರ ಕೈಯಲ್ಲಿ, ಅದನ್ನೂ ಬರೀಬೇಕಾ ಎಂದು ಕೇಳಿದಳು. ಬರಿ ಎಂದೆ. ಒಳ್ಳೆಯ ವರ್ಷ ಎಂದು ನಾವು ಆರಿಸಿಕೊಂಡದ್ದರ ಕೆಳಗೂ ಏನೋ ಇರುತ್ತದೆ.

ಹಡಗಿಗೆ ತಪ್ಪೇನೂ ಇಲ್ಲ ಮಧು. ಯಾರು ಬಾಡಿಗೆ ಕೊಟ್ಟರೋ ಅವರು ತುಂಬಿಸಿದ್ದನ್ನು ಹೊತ್ತಿತು. ಅದಕ್ಕೆ ನಿನ್ನನ್ನು ಹೋಲಿಸಿಕೊಂಡಾಗ ನನಗೆ ಒಂದು ವಿಷಯ ಕಂಡಿತು. ನಾವು ಕಟ್ಟಿದ ಶಿಪ್ಪಿನ ಕಥೆಯಲ್ಲಿ ಗಿಲ್ರಾಯ್ ಇಲ್ಲ. ಆಗ ನಾವಿದ್ದ ಸ್ಲೈಗೋದ ರಸ್ತೆಯಲ್ಲಿ ಆ ಬೆಳಗ್ಗೆ ಸೈಕಲ್ ಮೇಲಿದ್ದ ಮನುಷ್ಯ. ನಮ್ಮ ಕಥೆಯಲ್ಲಿ ಯಾರೂ ಸತ್ತಿಲ್ಲ. ನೀನು ಒಳ್ಳೆ ಸಂಬಳಕ್ಕೆ ಸಮುದ್ರಕ್ಕೆ ಹೋದೆ, ಅಷ್ಟೇ. ಆಗಸ್ಟಿನಲ್ಲಿ ನೀನು, "ಸತ್ತವನಿಗೆ ನಾನೇನು ಮಾಡಲಿ, ನನಗೂ ಒಂದು ಮಗಳಿದ್ದಾಳೆ" ಎಂದೆ. ಆ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ಆವತ್ತು ಹೇಳಲು ಬರಲಿಲ್ಲ. ಈಗಲೂ ಪೂರ್ತಿ ಬರುವುದಿಲ್ಲ. ಇದನ್ನೆಲ್ಲ ಸಿಟ್ಟಿನಿಂದ ಬರೆಯುತ್ತಿದ್ದೇನಾ? ಸ್ವಲ್ಪ ಹೌದು.

ಇನ್ನೊಂದು. ಜುಲಿಯಾನಾಳ ತಮ್ಮ ಇಗ್ನೇಷಿಯಸ್ ಕ್ರಿಸ್‌ಮಸ್ ರಜೆಗೆ ಬಂದಿದ್ದ. ನಿಜವಾದ ಶಿಪ್ಪಿನವನು, ಕ್ರೂಸಿನಲ್ಲಿ ಅಡುಗೆ. ಜುಲಿಯಾನಾಳ ಅಡುಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದ. ನೀಲಾ ಅವನ ಪಕ್ಕ ಹೋಗಿ ನಿಂತಳು.

"ಅಂಕಲ್, ಡು ಯೂ ನೋ ಮೈ ಡ್ಯಾಡ್?"

ಅವನು ಅಕ್ಕನ ಮುಖ ನೋಡಿದ. ಅವಳು ಫ್ರಿಜ್ ತೆರೆದು ಏನನ್ನೋ ಹುಡುಕತೊಡಗಿದಳು.

"ಡಾಕ್ಟರ್ ಮಧುಸೂದನ ಅಲ್ವಾ? ಗೊತ್ತಿಲ್ದೆ ಏನು! ಶಿಪ್ಪಿನೋರಿಗೆಲ್ಲ ಗೊತ್ತು. ದೊಡ್ಡ ಹೆಸರು."

"ಈಸ್ ಹಿ ಓಕೆ?"

"ಗ್ರ್ಯಾಂಡ್! ಡಾಕ್ಟರ್‌ಗಳಿಗೆ ಬೇರೆ ರೂಮು, ಕಿಟಕಿ ಇರೋದು. ನಮ್ಮ ಹಾಗಲ್ಲ."

"ಹ್ಯಾಸ್ ಹಿ ಫ್ರೆಂಡ್ಸ್?"

ಇಗ್ನೇಷಿಯಸ್ ಮೀನು ಮಗುಚಿಹಾಕಿದ. "ಶಿಪ್ಪಲ್ಲಿ ಎಲ್ರೂ ಫ್ರೆಂಡ್ಸೇ ಮಗಾ" ಎಂದ. "ಇಳಿದ ಮೇಲೆ ಯಾರೂ ಇಲ್ಲ."

ಥ್ಯಾಂಕ್ಸ್ ಎಂದು ಅವಳು ಹೊರಗೆ ಹೋದಳು. ಅವನು ನನ್ನ ಹತ್ತಿರ ಬಂದು, "ಸಾರಿ ಅಕ್ಕ, ಬಾಯಿಗೆ ಬಂದದ್ದು ಹೇಳ್ಬಿಟ್ಟೆ" ಎಂದ. ಅವನನ್ನು ಹೇಗೆ ಬಯ್ಯಲಿ? ನಮ್ಮ ಕಡೆಯವರು ಹಾಗೇ. ಇನ್ನೊಬ್ಬರ ಮನೆಯ ಸುಳ್ಳು ಬೀಳುವುದು ಕಂಡರೆ ಓಡಿ ಬಂದು ಹೆಗಲು ಕೊಡುತ್ತಾರೆ. ಹಿಂದೆ ಇದು ನನಗೆ ಸೌಜನ್ಯವಾಗಿ ಕಾಣುತ್ತಿತ್ತು.

ಜುಲಿಯಾನಾ ಮಾತ್ರ ಬಾಗಿಲವರೆಗೆ ಬಂದು, "ನಮ್ಮ ಇಗ್ನೇಷಿಯಸ್‌ನನ್ನೂ ಸೇರಿಸ್ಕೊಂಡ್ರಿ. ಇನ್ನು ಕ್ಯಾಪ್ಟನ್ ಒಬ್ಬ ಬಾಕಿ" ಎಂದಳು.

ಕ್ಯಾಪ್ಟನ್ ಕೆಲಸಕ್ಕೆ ಈಗ ಮಿಸ್ ಟೂಮಿ ಸಿದ್ಧರಾಗಿದ್ದಾರೆ. ಮಾರ್ಚ್ 20, ಶುಕ್ರವಾರ, ಪ್ರಾಜೆಕ್ಟಿನ ಪ್ರದರ್ಶನ. ಆ ದಿನ ನೀನು ವಿಡಿಯೋದಲ್ಲಾದರೂ ಮಕ್ಕಳ ಜೊತೆ ಮಾತಾಡಬೇಕಂತೆ. ಕಂಪನಿಗೆ ಶಾಲೆಯಿಂದ ಪತ್ರ ಬರೆಯಲೇ ಎಂದು ಕೇಳಿದರು. ಬೇಡ, ನಾನೇ ಕೇಳುತ್ತೇನೆ ಎಂದೆ.

ಕೇಳುತ್ತಿದ್ದೇನೆ. ಏನು ಹೇಳಲಿ?

ವಿನೋದಿನಿ

*

11 ಫೆಬ್ರವರಿ 2026

ವಿನು,

ಬೇಗ ಉತ್ತರ ಬರೆಯದ್ದಕ್ಕೆ ಕಾರಣ ಇದೆ. ಒಂದು ಅರ್ಜಿ ಹಾಕಿದ್ದೆ. ನಿನ್ನೆ ಒಪ್ಪಿಗೆ ಬಂತು. ಮಾರ್ಚ್ 20ಕ್ಕೆ ನನಗೆ ಒಂದು ದಿನದ ಬಿಡುವು. ಬೆಳಗ್ಗೆ ಬಿಡುತ್ತಾರೆ, ಕತ್ತಲಾಗುವುದರೊಳಗೆ ಹಿಂತಿರುಗಬೇಕು. ಮಗಳ ಶಾಲೆಯ ಕಾರ್ಯಕ್ರಮ ಎಂದು ಬರೆದೆ. ಅದು ನಿಜವೇ.

ಆದ್ದರಿಂದ ವಿಡಿಯೋ ಬೇಡ. ನಾನೇ ಬರುತ್ತೇನೆ. ಶಿಪ್ಪು ಡಬ್ಲಿನ್‌ಗೆ ಬಂದಿದೆ, ಒಂದು ದಿನ ಇಳಿಯಲು ಬಿಟ್ಟಿದ್ದಾರೆ ಎಂದರಾಯಿತು. ಸಂಜೆ ಶಿಪ್ಪು ಹೊರಡುತ್ತದೆ, ಅದಕ್ಕೆ ಅಪ್ಪ ಓಡಬೇಕು. ಎಲ್ಲ ಸರಿಹೊಂದುತ್ತದೆ ನೋಡು, ನಾವು ಹೊಂದಿಸದೆಯೇ.

ಗಿಲ್ರಾಯ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಅವನು ನನ್ನ ಕಥೆಯಲ್ಲಿ ಇಲ್ಲ ಎಂದು ನೀನು ತಿಳಿದಿದ್ದರೆ ಅದು ತಪ್ಪು. ದಿನಾ ಇದ್ದಾನೆ. ನೀಲಾಳ ಕಥೆಯಲ್ಲಿ ಅವನು ಯಾಕೆ ಬರಬೇಕು ಎನ್ನುವುದಷ್ಟೇ ನನ್ನ ಪ್ರಶ್ನೆ. ಅವಳಿಗೆ ಹತ್ತು ವರ್ಷ.

ಹೇಳುವುದೇ ಬೇಡ ಎನ್ನುತ್ತಿಲ್ಲ. ನಾನು ಹೊರಗೆ ಬಂದ ಮೇಲೆ, ಅವಳು ಒಂದಿಷ್ಟು ದೊಡ್ಡವಳಾದ ಮೇಲೆ. ಇವತ್ತು ಅವಳ ಕಣ್ಣಿಗೆ ನಾನು ಆ ಹಡಗಿನ ಡಾಕ್ಟರು. ಹಡಗಿನ ಕೆಳಗಿನ ಅಂತಸ್ತಿನ ಕೈದಿ ಆಗುವುದು ಬೇಡ. ಒಂದು ದಿನ ಅವಳ ಕ್ಲಾಸಿನ ಮುಂದೆ ನಿಂತು ನಿಂಬೆರಸದ ಬಗ್ಗೆ ಮಾತಾಡಿ ಬರುತ್ತೇನೆ. ಅವಳಿಗೂ ಒಂದು ದಿನ ಸಿಗಲಿ, ನನಗೂ.

ನೇವಿ ಬ್ಲೂ ಬ್ಲೇಜರ್ ತೆಗೆದಿಡು. ತೂಕ ಇಳಿದಿದೆ, ಆದರೂ ನಡೆಯುತ್ತದೆ.

ಮಧು

*

ಗ್ಲೌನ್‌ತಾನ್
8 ಮಾರ್ಚ್ 2026

ಮಧು,

ಬ್ಲೇಜರನ್ನು ಡ್ರೈ ಕ್ಲೀನಿಂಗ್‌ಗೆ ಕೊಟ್ಟು ತಂದೆ. ನೀನು ಹೇಳಿದ್ದು ಸರಿಯಲ್ಲ ಎಂದು ಅನಿಸಿದರೂ ಕೊಟ್ಟೆ. ಒಂದು ದಿನ ನೀನು ಮನೆಗೆ ಬರುತ್ತೀ ಎನ್ನುವುದು ನನಗೂ ಬೇಕಾಗಿತ್ತು. ಮಿಸ್ ಟೂಮಿಗೆ, ಬರುತ್ತಾರೆ ಎಂದೆ. ಅವರು ಸಂತೋಷದಿಂದ ನನ್ನ ಕೈ ಹಿಡಿದುಕೊಂಡರು. ನೀಲಾಳಿಗೂ ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. "ಓಕೆ" ಎಂದಳು. ನಾಚಿಕೆ ಇರಬೇಕು ಎಂದುಕೊಂಡೆ.

ನಿನ್ನೆ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ಮೇಲೆ ಚಾರ್ಟಿನ ಕೊನೆಯ ಭಾಗ ಬರೆಯುತ್ತಿದ್ದಳು. ಹಡಗಿನಲ್ಲಿದ್ದವರು ಯಾರು ಯಾರು, ಅವರು ಯಾಕೆ ಹೋದರು ಎನ್ನುವ ಭಾಗ. ನಾವಿಕರು, ಕಾವಲಿನ ಸೈನಿಕರು, ಕೈದಿಗಳು, ಕೈದಿ ಹೆಂಗಸರ ಜೊತೆ ಹೋದ ಮಕ್ಕಳು. ಪ್ರತಿಯೊಬ್ಬರ ಚಿತ್ರ ಬರೆದು ಬಣ್ಣ ಹಚ್ಚಿದ್ದಳು. ಡಾಕ್ಟರಿಗೆ ಮಾತ್ರ ಬಣ್ಣ ಇರಲಿಲ್ಲ.

"ಇವರನ್ನ ಯಾಕೆ ಹಾಗೇ ಬಿಟ್ಟೆ?" ಎಂದು ಕೇಳಿದೆ.

"ಐ ಡೋಂಟ್ ಲೈಕ್ ಹಿಮ್."

"ಯಾಕೆ? ಅಷ್ಟು ಜನರನ್ನ ನೋಡ್ಕೊಂಡ್ರಲ್ಲ. ಅಕ್ಷರ ಕಲಿಸಿದ್ರು."

"ಹಿ ಹ್ಯಾಡ್ ಕಿಡ್ಸ್ ಅಟ್ ಹೋಮ್." ಅವಳು ಪುಸ್ತಕದಲ್ಲಿ ಓದಿದ್ದಾಳೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋದವನಂತೆ. ಹೋಗಿ ಬಂದು, ಮತ್ತೆ ಹೋದನಂತೆ.

"ಕೆಲಸ ಅಲ್ವಾ ಪುಟ್ಟಾ. ಹೋಗ್ಲೇಬೇಕಾಗತ್ತೆ."

"ನೋ, ಅಮ್ಮಾ. ದ ಕಾನ್ವಿಕ್ಟ್ಸ್ ಹ್ಯಾಡ್ ಟು ಗೋ. ಹಿ ಪಿಕ್ಡ್ ಇಟ್."

ತಲೆ ಎತ್ತದೆ, ಹಸಿರು ಪೆನ್ಸಿಲ್ ಚೂಪು ಮಾಡುತ್ತಾ ಹೇಳಿದಳು. ಅವಳೇ ಮುಂದುವರಿಸಿದಳು. ಅಪ್ಪ ಕ್ಲಾಸಿಗಾಗಿ ಬರುತ್ತಿದ್ದಾನಾ, ನನಗಾಗಿಯಾ ಎಂದಳು. ನನ್ನ ಎರಡು ಬರ್ತ್‌ಡೇಗೂ ಬರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳು ರಜೆ ಕೇಳುತ್ತಾರೆ, ನಮ್ಮ ಕ್ಲಾಸಿನ ಸುಹಾಸನ ಅಪ್ಪ ಅವನ ಫುಟ್‌ಬಾಲ್ ಮ್ಯಾಚಿಗೂ ರಜೆ ಹಾಕುತ್ತಾನೆ. ಕೈದಿಗಳ ಮಕ್ಕಳಿಗೆ ಅಷ್ಟಾದರೂ ಗೊತ್ತಿತ್ತು, ಅವರ ಅಪ್ಪಂದಿರನ್ನು ಎಳೆದುಕೊಂಡು ಹೋದರು, ಅವರಾಗಿ ಹೋಗಲಿಲ್ಲ ಎಂದು. ಇದನ್ನೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿನ ಮಕ್ಕಳ ರಾಗದಲ್ಲಿ, ಅಳದೆ ಹೇಳಿದಳು. ಕೊನೆಗೆ ನನ್ನ ಮುಖ ನೋಡಿ, "ಇಟ್ಸ್ ಗ್ರ್ಯಾಂಡ್, ಅಮ್ಮಾ. ಐ ಡೋಂಟ್ ಮೈಂಡ್" ಎಂದು ನನಗೇ ಸಮಾಧಾನ ಮಾಡಿದಳು.

ಎದ್ದು ಅನ್ನಕ್ಕೆ ಇಟ್ಟೆ.

ನೀನು ಅವಳ ಕಣ್ಣಿಗೆ ಡಾಕ್ಟರಾಗಿ ಉಳಿಯಬೇಕು ಎಂದು ಬರೆದೆ. ಉಳಿದಿದ್ದೀ. ಆ ಹಡಗಿನಲ್ಲಿ ಅವಳು ಕ್ಷಮಿಸದೆ ಇರುವ ಒಬ್ಬನೇ ಮನುಷ್ಯ ಅವನು. ಕೈದಿಯಾಗುವ ನಾಚಿಕೆಯಿಂದ ನಿನ್ನನ್ನು ತಪ್ಪಿಸಲು ಹೋಗಿ, ಮಗಳನ್ನು ಬಿಟ್ಟು ಬೇಕೆಂದೇ ಹೊರಟುಹೋದವನನ್ನಾಗಿ ಮಾಡಿದ್ದೇವೆ. ಹದಿನೈದು ತಿಂಗಳಿಂದ ಅವಳು ಅದನ್ನು ಹೊತ್ತುಕೊಂಡು, ಫೋನಿನಲ್ಲಿ ನಿನಗೆ ಶಾಲೆ, ಶುಂಠಿ ಎಂದೆಲ್ಲ ಹೇಳುತ್ತಿದ್ದಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಕೆಲಸದಲ್ಲಿ ಒಂದು ಬ್ಯಾಚಿನ ಅಳತೆ ತುಸು ಆಚೀಚೆಯಾದರೆ ಕಂಡುಹಿಡಿಯುವವಳು ನಾನು. ಇದು ಕಾಣಲಿಲ್ಲ.

ನಿಜ ಅವಳಿಗೆ ಹಗುರ ಎಂದು ನಾನು ಹೇಳುವುದಿಲ್ಲ. ಒಬ್ಬ ಮನುಷ್ಯ ಸತ್ತಿದ್ದಾನೆ, ಅಪ್ಪನ ಕಾರಿನಿಂದ ಸತ್ತಿದ್ದಾನೆ. ಅದು ಅವಳ ಜೊತೆ ದೊಡ್ಡದಾಗುತ್ತಾ ಹೋಗುತ್ತದೆ. ಶಾಲೆಯಲ್ಲಿ ಯಾರಾದರೂ ಏನಾದರೂ ಅನ್ನಬಹುದು. ನಿನ್ನನ್ನು ನೋಡುವುದಿಲ್ಲ ಎನ್ನಬಹುದು, ನನ್ನ ಜೊತೆ ಮಾತು ಬಿಡಬಹುದು. ನಾನು ಸರಿಯಾಗಿ ಲೆಕ್ಕ ಹಾಕುತ್ತಿದ್ದೇನಾ ಎಂದು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿಲ್ಲ. ಆದರೆ ಅವಳು ಈಗ ನಂಬಿರುವುದು ನಿಜವಲ್ಲ, ಮತ್ತು ಅದು ನಿಜಕ್ಕಿಂತ ಕೆಟ್ಟದ್ದು. ಇಷ್ಟು ಮಾತ್ರ ನನಗೆ ಖಚಿತ.

ಮುಂದಿನ ಭಾನುವಾರ, 15ರಂದು, ಅವಳಿಗೆ ಹೀಗೆ ಹೇಳುತ್ತೇನೆ: ಅಪ್ಪ ರಾತ್ರಿಯೆಲ್ಲ ಕೆಲಸ ಮಾಡಿ, ನಿದ್ದೆ ಬರುತ್ತಿದೆ ಎಂದು ಗೊತ್ತಿದ್ದೂ ಕಾರು ಓಡಿಸಿದ. ಸೈಕಲ್ ಮೇಲಿದ್ದ ಪ್ಯಾಟ್ ಗಿಲ್ರಾಯ್ ಎನ್ನುವವರು ಸತ್ತುಹೋದರು. ಅದಕ್ಕೆ ಕೋರ್ಟು ಅಪ್ಪನನ್ನು ಜೈಲಿಗೆ ಕಳಿಸಿತು. ನಿನ್ನನ್ನು ಬಿಟ್ಟು ಅವನಾಗಿ ಹೋದದ್ದಲ್ಲ. ಶಿಪ್ಪು ಎಂದು ಹೇಳಿದ್ದು ನಾನು ಮತ್ತು ಅಪ್ಪ. ಇವಿಷ್ಟೇ ವಾಕ್ಯಗಳು. ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಅವಳು ಕೇಳಿದ್ದಕ್ಕೆಲ್ಲ ಅವಳ ಭಾಷೆಯಲ್ಲಿ ಉತ್ತರ ಕೊಡುತ್ತೇನೆ. ನಿದ್ದೆ ಬರುತ್ತಿದೆ ಎಂದು ಗೊತ್ತಿದ್ದೂ ಎನ್ನುವುದನ್ನು ಬಿಡುವುದಿಲ್ಲ. ನೀನು ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡೆ. ಆ ದಿನ ನಿನ್ನ ಬಗ್ಗೆ ನನಗೆ ಗೌರವ ಅನಿಸಿತ್ತು, ಇದುವರೆಗೆ ಹೇಳಿರಲಿಲ್ಲ.

20ಕ್ಕೆ ಬಾ. ಶಾಲೆಗಲ್ಲ, ಮನೆಗೆ. ಮಿಸ್ ಟೂಮಿಗೆ ನೀನು ಬರಲಾಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಉಳಿದದ್ದನ್ನು ಹೇಳಬೇಕೋ ಬೇಡವೋ ಎನ್ನುವುದು ನೀಲಾಳಿಗೆ ಸೇರಿದ್ದು. ಪ್ರದರ್ಶನ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಅವಳನ್ನು ನಾನು ಕರೆದುಕೊಂಡು ಬಂದಿರುತ್ತೇನೆ. ಅವಳು ಕೆಳಗೆ ಬರುತ್ತಾಳೋ, ಮಹಡಿಯ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೋ ಹೇಳಲಾರೆ. ಹಾಕಿಕೊಂಡರೆ ನೀನು ಬಾಗಿಲ ಹೊರಗೆ ಕೂತು ಮಾತಾಡು. ಮಾತಾಡದಿದ್ದರೂ ಕೂತಿರು. ಯಾವ ಅಂಗಿಯಾದರೂ ಸರಿ.

ಕುಂದಾಪುರಕ್ಕೆ ಹೇಳುವುದು ನಿನಗೆ ಬಿಟ್ಟದ್ದು. ಅತ್ತೆಗೆ ಆ ಶಿಪ್ಪು ಇನ್ನೂ ಸ್ವಲ್ಪ ಕಾಲ ತೇಲೀತು.

ಈ ವಾರ ಫೋನಿನಲ್ಲಿ ನಾನು ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆಡಿದರೆ ನೀನು ಬೇಡ ಎನ್ನುತ್ತೀ, ನಾನು ನಿಲ್ಲಿಸುತ್ತೇನೆ. ನನಗೆ ನನ್ನ ಬಗ್ಗೆ ಅಷ್ಟು ಗೊತ್ತಿದೆ. ಆದ್ದರಿಂದ ಈ ಕಾಗದ ಇವತ್ತು ಬರೆದು ಮುಗಿದರೂ ಒಂದು ವಾರ ನನ್ನ ಹತ್ತಿರವೇ ಇರುತ್ತದೆ. 17, ಮಂಗಳವಾರ ಸೇಂಟ್ ಪ್ಯಾಟ್ರಿಕ್ಸ್ ಡೇ ರಜೆ, ಅಂಚೆ ಇಲ್ಲ. ಬುಧವಾರ ನಿನ್ನ ಕೈ ಸೇರಬಹುದು. ಆಗ ಅವಳಿಗೆ ಗೊತ್ತಾಗಿರುತ್ತದೆ.

ವಿನೋದಿನಿ

ಅಂಚೆಗೆ ಹಾಕುವುದು: ಸೋಮವಾರ, 16 ಮಾರ್ಚ್ 2026